ವಿಕ್ಟೋರಿಯಾ ಕಾಲದ ಅಡುಗೆಮನೆಯೂ ನಮ್ಮ ಮುಸುರೆಯೂ

ಚೆನ್ನೈನ ತಿರುವಾನ್ಮಿಯೂರಿನಲ್ಲಿ, ಸಮುದ್ರದ ಉಪ್ಪುಗಾಳಿ ನೇರವಾಗಿ ಬಂದು ಬಡಿಯುವಷ್ಟು ಹತ್ತಿರದಲ್ಲಿ, ಹಳೆಯ ಫ್ಲ್ಯಾಟೊಂದನ್ನು ಕೊಂಡು ಅದರ ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಹೊರಟಿದ್ದೇವೆ. ಬಹುಕಾಲ ಸರ್ಕಾರಿ ವಸತಿಗೃಹಗಳಲ್ಲಿ ಬಾಳಿದ ನಮ್ಮಂಥವರಿಗೆ ಅಡುಗೆಮನೆಯನ್ನು ಆಯ್ದುಕೊಳ್ಳಬಹುದೆಂಬುದೇ ಒಂದು ಹೊಸ ವಿಚಾರ. ವಸತಿಗೃಹದಲ್ಲಿ ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತದೆ. ಕಡಪ ಕಲ್ಲಿನ ಕಟ್ಟೆ, ಮೂಲೆಯಲ್ಲೊಂದು ಸಿಂಕು, ಸುಣ್ಣ ಬಳಿದ ಗೋಡೆ, ಅದರ ಮೇಲೆ ನಮಗಿಂತ ಹಿಂದೆ ಇದ್ದವರ ಒಗ್ಗರಣೆಯ ಕಲೆ. ದೂರು ಕೊಡಬಹುದು, ಆಯ್ಕೆ ಮಾಡುವಂತಿಲ್ಲ. ಈಗ ಆಯ್ಕೆಯೆಂಬುದು ಬಂದಿದೆ, ಅದರ ಜೊತೆಗೆ ಅದರ ತಾಪತ್ರಯವೂ.

ಒಳಾಂಗಣ ವಿನ್ಯಾಸ ಮಾಡುವ ಯುವತಿಯೊಬ್ಬರು ಮನೆ ನೋಡಲು ಬಂದರು. ನಮ್ಮ ಪುಸ್ತಕದ ಕಪಾಟಿನಲ್ಲಿದ್ದ ಡಿಕನ್ಸ್, ಥ್ಯಾಕರೆ, ಬ್ರಾಂಟೆ ಸೋದರಿಯರನ್ನು ಕಂಡು, ಇಂಗ್ಲಿಷ್ ಸಾಹಿತ್ಯ ಓದಿದವರೆಂದು ತಿಳಿದು, ವಾರದೊಳಗೆ ಒಂದು ಚಿತ್ರ ಸಿದ್ಧಪಡಿಸಿಕೊಂಡು ಬಂದರು. ಹೆಸರು ‘ವಿಕ್ಟೋರಿಯನ್ ಅಡುಗೆಮನೆ’. ಕಡುಹಸಿರು ಕಪಾಟುಗಳು, ಅಂಚಿಗೆ ಕೆತ್ತನೆಯ ಪಟ್ಟಿ, ಹಿತ್ತಾಳೆಯ ಹಿಡಿಗಳು, ಹಂಸದ ಕೊರಳಿನಂತೆ ಬಾಗಿದ ಹಿತ್ತಾಳೆಯ ನಲ್ಲಿ, ಆಳವಾದ ಬಿಳಿ ಪಿಂಗಾಣಿ ಸಿಂಕು, ಗೋಡೆಗೆ ಇಟ್ಟಿಗೆಯ ಆಕಾರದ ಬಿಳಿ ಹೊಳಪಿನ ಟೈಲುಗಳು, ನೆಲಕ್ಕೆ ಕಪ್ಪುಬಿಳುಪಿನ ಚೌಕಳಿ, ನಡುವೆ ಅಮೃತಶಿಲೆ ಹೊದಿಸಿದ ಕಟ್ಟೆ, ಮೇಲಿನಿಂದ ತೂಗುವ ತಾಮ್ರದ ಪಾತ್ರೆಗಳು. ಚಿತ್ರದಲ್ಲಿ ಒಂದು ಎಂಜಲು ಲೋಟವೂ ಇರಲಿಲ್ಲ. ನಾವು ಮರುಳಾದೆವೆಂದು ಒಪ್ಪಿಕೊಳ್ಳಬೇಕು. ಎಂ.ಎ. ತರಗತಿಯಲ್ಲಿ ಓದಿದ ಕಾದಂಬರಿಗಳೆಲ್ಲ ಒಮ್ಮೆಗೇ ನೆನಪಿಗೆ ಬಂದವು. ‘ವುದರಿಂಗ್ ಹೈಟ್ಸ್’ ಕಾದಂಬರಿಯ ಬಹುಪಾಲು ಕಥೆಯನ್ನು ನಮಗೆ ಹೇಳುವವಳು ಮನೆಗೆಲಸದ ನೆಲ್ಲಿ ಡೀನ್ ಅಲ್ಲವೆ? ಒಲೆಯ ಬೆಳಕಿನಲ್ಲಿ ಹುಟ್ಟಿದ ಆ ಕಥೆಗಳ ಒಂದಂಶ ನಮ್ಮ ಎಂಟಡಿ ಅಗಲ, ಹತ್ತಡಿ ಉದ್ದದ ಕೋಣೆಗೂ ಬಂದರೆ ಬೇಡವೆನ್ನುವವರು ಯಾರು?

ಆದರೆ ಚಿತ್ರವನ್ನು ಮತ್ತೆ ಮತ್ತೆ ನೋಡಿದಂತೆ ಅದರ ಮೇಲೆ ಬೇರೆ ಬೇರೆ ಪ್ರಶ್ನೆಗಳು ಎದ್ದವು. ಮೊದಲನೆಯದು ಪಂಡಿತರ ತಕರಾರು, ಅದನ್ನು ಬೇಗ ಮುಗಿಸಿಬಿಡುತ್ತೇವೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರ ಜನವರಿಯಲ್ಲಿ. ಆ ಬಿಳಿ ಇಟ್ಟಿಗೆ ಟೈಲುಗಳು ಪ್ರಸಿದ್ಧವಾದದ್ದು 1904ರಲ್ಲಿ ತೆರೆದ ನ್ಯೂಯಾರ್ಕಿನ ಸುರಂಗ ರೈಲುನಿಲ್ದಾಣಗಳಿಂದ. ಗೋಡೆಯಿಂದ ಗೋಡೆಗೆ ಜೋಡಿಸಿದ ಕಪಾಟುಗಳು ಅದಕ್ಕಿಂತಲೂ ಈಚಿನವು. ಅವುಗಳ ವಂಶವನ್ನು ಹುಡುಕುತ್ತ ಹೋದರೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ 1926ರಲ್ಲಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಅಡುಗೆಮನೆ ಸಿಗುತ್ತದೆ. ಅದರ ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿನ ಸಮೀಪ. ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ಮಾದರಿಯಾಗಿಟ್ಟುಕೊಂಡು, ಹೆಂಗಸೊಬ್ಬಳು ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ ಇಡುತ್ತಾಳೆಂದು ಲೆಕ್ಕಹಾಕಿ ಮಾಡಿದ ವಿನ್ಯಾಸ ಅದು. ಇಂದು ನಾವು ‘ಮಾಡ್ಯುಲರ್ ಕಿಚನ್’ ಎನ್ನುವುದು ಅದರ ಮೊಮ್ಮಗಳು. ವಿಕ್ಟೋರಿಯಾ ಕಾಲದ ಅಡುಗೆಮನೆಯಲ್ಲಿ ಇದ್ದದ್ದು ಒಂದಕ್ಕೊಂದು ಅಂಟದೆ ನಿಂತ ಸಾಮಾನುಗಳು: ಪಿಂಗಾಣಿ ತಟ್ಟೆಗಳನ್ನು ನಿಲ್ಲಿಸುವ ಎತ್ತರದ ಕಪಾಟು, ನಡುವೆ ಬಣ್ಣ ಬಳಿಯದ ಮರದ ದೊಡ್ಡ ಮೇಜು, ಕಲ್ಲಿದ್ದಲು ಉರಿಯುವ ಎರಕದ ಕಬ್ಬಿಣದ ಒಲೆ. ಆ ಒಲೆಗೆ ತುಕ್ಕು ಹಿಡಿಯದಂತೆ ದಿನವೂ ಕಪ್ಪುಸೀಸದ ಲೇಪ ಹಚ್ಚಿ ತಿಕ್ಕಬೇಕಾಗಿತ್ತು. ಆದ್ದರಿಂದ ನಮ್ಮ ಮುಂದಿದ್ದ ಚಿತ್ರ ಫ್ರಾಂಕ್‌ಫರ್ಟಿನ ಮೈಗೆ ಲಂಡನ್ನಿನ ಕೋಟು ತೊಡಿಸಿದಂತಿತ್ತು. ಇರಲಿ, ಮನೆಯೇನು ವಸ್ತುಸಂಗ್ರಹಾಲಯವಲ್ಲ. ಕಾಲದೋಷವನ್ನು ಯಾರೂ ಊಟಕ್ಕೆ ಬಡಿಸುವುದಿಲ್ಲ.

ಎರಡನೆಯ ಪ್ರಶ್ನೆ ಅಷ್ಟು ಸುಲಭವಾಗಿ ಬಿಡಲಿಲ್ಲ. ಚಿತ್ರದಲ್ಲಿ ಒಂದು ಕೋಣೆ ಕಾಣೆಯಾಗಿತ್ತು.

1861ರಲ್ಲಿ ಪುಸ್ತಕವಾಗಿ ಬಂದ ಮಿಸೆಸ್ ಬೀಟನ್ ಅವರ ಗೃಹನಿರ್ವಹಣೆಯ ಕೈಪಿಡಿ ಆ ಕಾಲದ ಮಧ್ಯಮವರ್ಗದ ಮನೆಗಳ ಧರ್ಮಶಾಸ್ತ್ರವಾಗಿತ್ತು. ಅದನ್ನು ಸಿದ್ಧಪಡಿಸಿದ ಇಸಬೆಲ್ಲಾ ಬೀಟನ್ ಇಪ್ಪತ್ತೆಂಟರ ಹರೆಯದಲ್ಲಿಯೇ ತೀರಿಕೊಂಡ ಹೆಣ್ಣುಮಗಳು. ಓದುವವರು ಮಾತ್ರ ಯಾವುದೋ ಅನುಭವಸ್ಥ ಅಜ್ಜಿಯ ಮಾತೆಂದೇ ತಿಳಿದಿದ್ದರು. ಅಡುಗೆಮನೆ ಹೇಗಿರಬೇಕೆಂದು ಆ ಪುಸ್ತಕ ಐದು ನಿಯಮಗಳನ್ನು ಹೇಳುತ್ತದೆ. ವಿಶಾಲವಾಗಿ ಅನುಕೂಲವಾಗಿರಬೇಕು, ಬೆಳಕು, ಮಾಳಿಗೆಯ ಎತ್ತರ, ಗಾಳಿ ಚೆನ್ನಾಗಿರಬೇಕು, ಮನೆಯೊಳಗಿನಿಂದ ಹಾಯದೆ ಅಲ್ಲಿಗೆ ಹೋಗಿಬರುವಂತಿರಬೇಕು, ಮನೆಯವರಿಗೂ ಅತಿಥಿಗಳಿಗೂ ಅಡುಗೆಯ ವಾಸನೆ, ಪಾತ್ರೆಗಳ ಸದ್ದು ತಲುಪದಷ್ಟು ದೂರವಿರಬೇಕು, ಉರುವಲು ನೀರುಗಳು ಸಾಕಷ್ಟಿದ್ದು, ಉಗ್ರಾಣವೂ ಪಾತ್ರೆ ತೊಳೆಯುವ ಕೋಣೆಯೂ ಪಕ್ಕದಲ್ಲಿಯೇ ಇರಬೇಕು. ಎರಡನೆಯದನ್ನೂ ಐದನೆಯದನ್ನೂ ಇಂದಿಗೂ ತಲೆಬಾಗಿ ಒಪ್ಪಬೇಕು. ಮೂರನೆಯದು ಮತ್ತು ನಾಲ್ಕನೆಯದರಲ್ಲಿ ಆ ಕಾಲದ ಒಳಗುಟ್ಟು ಇದೆ. ಅಡುಗೆಮನೆ ಬೇಕು, ಅದರ ಸದ್ದು ಬೇಡ. ಊಟ ಬೇಕು, ಅದನ್ನು ಬೇಯಿಸಿದವರು ಎದುರಿಗೆ ಹಾಯುವುದು ಬೇಡ.

ಪಾತ್ರೆ ತೊಳೆಯುವ ಆ ಕೋಣೆಯನ್ನು ಅವರು ‘ಸ್ಕಲರಿ’ ಎಂದು ಕರೆದರು. ನಾವು ಮುಸುರೆಕೋಣೆ ಎನ್ನಬಹುದು. ಕಲ್ಲಿನ ಸಿಂಕು, ಹಸಿನೆಲ, ಜಿಡ್ಡು, ಸೋಡಾ ನೀರಿನಲ್ಲಿ ಬಿರಿದ ಕೈಗಳು ಎಲ್ಲ ಅಲ್ಲಿ. ವಿಕ್ಟೋರಿಯಾ ಯುಗದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಗೆಲಸದಲ್ಲಿದ್ದರು. ಅವರಲ್ಲಿ ತನ್ನ ದಿನಗಳನ್ನು ತಾನೇ ಬರೆದಿಟ್ಟವಳು ಹ್ಯಾನಾ ಕಲ್ವಿಕ್. 1854ರಿಂದ 1873ರವರೆಗಿನ ಅವಳ ದಿನಚರಿಗಳು ಉಳಿದುಬಂದಿವೆ. ಬೂಟು ಒರೆಸಿದ್ದು, ಒಲೆಗೆ ಕಪ್ಪು ಹಚ್ಚಿದ್ದು, ಮೆಟ್ಟಿಲುಗಳನ್ನು ಮೊಣಕಾಲೂರಿ ತಿಕ್ಕಿದ್ದು, ಇಂಥ ವಿವರಗಳು ಅದರಲ್ಲಿ ದಿನದಿನವೂ ಮರಳಿ ಬರುತ್ತವೆ. ಬರೆಯಲು ಪ್ರೇರೇಪಿಸಿದವನು ಆರ್ಥರ್ ಮನ್ಬಿ ಎಂಬ ಮೇಲುವರ್ಗದ ಕವಿ. ಕೊನೆಗೆ ಅವಳನ್ನು ಗುಟ್ಟಾಗಿ ಮದುವೆಯಾದವನೂ ಅವನೇ. ಆ ಸಂಬಂಧದ ವೈಚಿತ್ರ್ಯದ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ತೂಗುವ ತಾಮ್ರದ ಪಾತ್ರೆಗಳ ಹೊಳಪಿಗೆ ಹಿಂದೆ ಒಬ್ಬಳ ತೋಳು ಇತ್ತು. ಶೈಲಿಯನ್ನು ಮಾರುವವರು ಹೊಳಪನ್ನು ಉಳಿಸಿಕೊಂಡು ತೋಳನ್ನು ಅಳಿಸಿಹಾಕಿದ್ದಾರೆ.

ಇದು ಇಂಗ್ಲೆಂಡಿನ ಕಥೆಯಾಯಿತು. ವಿಕ್ಟೋರಿಯಾ ಕಾಲದ ಅಡುಗೆಮನೆಯ ನಿಜರೂಪವನ್ನು ನೋಡಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅದು ಇದೇ ಊರಿನಲ್ಲಿತ್ತು. ನುಂಗಂಬಾಕ್ಕಂ, ಎಗ್ಮೋರ್, ಅಡಯಾರುಗಳ ತೋಟದ ಬಂಗಲೆಗಳಲ್ಲಿ ಬಿಳಿಯ ಕಂಬಗಳ ಮೊಗಸಾಲೆ ಮುಂದೆ, ಅಡುಗೆಮನೆ ಹಿಂದೆ ಬೇರೆಯಾಗಿ. ಬೆಂಕಿ, ಹೊಗೆ, ಸೆಕೆ ಇವು ಕಾರಣಗಳೆಂದು ಹೇಳುತ್ತಿದ್ದರು, ಅವು ನಿಜವಾದ ಕಾರಣಗಳೇ. ಆದರೆ ಆ ಅಡುಗೆಮನೆ ಹೇಗಿತ್ತೆಂಬುದಕ್ಕೆ ಮದ್ರಾಸ್ ಅಶ್ವದಳದ ಅಧಿಕಾರಿಯೊಬ್ಬನೇ ಸಾಕ್ಷಿ ನುಡಿದಿದ್ದಾನೆ. ‘ವೈವರ್ನ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಕೆನ್ನಿ-ಹರ್ಬರ್ಟ್‌ನ ‘ಕ್ಯುಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ 1878ರಲ್ಲಿ ಮೌಂಟ್ ರೋಡಿನ ಹಿಗಿನ್‌ಬಾಥಮ್ಸ್‌ನವರಿಂದಲೇ ಪ್ರಕಟವಾಯಿತು. ಫ್ರೆಂಚ್ ಸಾರುಗಳನ್ನೂ ಮದ್ರಾಸಿನ ಕರಿಗಳನ್ನೂ ಒಂದೇ ಶ್ರದ್ಧೆಯಿಂದ ವಿವರಿಸುವ ಆ ಪುಸ್ತಕದಲ್ಲಿ ಅಡುಗೆಮನೆಗೆಂದೇ ಒಂದು ಅಧ್ಯಾಯವಿದೆ. ಮನೆಯಿಂದ ದೂರ, ಹೊರಕಟ್ಟಡಗಳ ಸಾಲಿನಲ್ಲಿ, ಬೆಳಕು ಗಾಳಿ ಸಾಲದ ಕೋಣೆ; ಬೇಕಾದ ಸಲಕರಣೆಗಳಿಲ್ಲ; ಇಂಥಲ್ಲಿಂದ ಒಳ್ಳೆಯ ಊಟ ಬರಬೇಕೆಂದರೆ ಹೇಗೆ ಎಂಬುದು ಅವನ ದೂರು. ಬಟ್ಲರನಿಗೆ ಆತ ಇಟ್ಟ ಹೆಸರು ರಾಮಸಾಮಿ. ಎಲ್ಲ ಬಟ್ಲರರಿಗೂ ಅದೊಂದೇ ಹೆಸರು. ಆ ಅಧ್ಯಾಯವನ್ನು ನಮ್ಮ ವಿನ್ಯಾಸಕಿಗೆ ಓದಿ ಹೇಳಿದಾಗ ಅವರು ನಕ್ಕು, “ಸಾರ್, ಇಷ್ಟು ಅಥೆಂಟಿಕ್ ಯಾರೂ ಕೇಳುವುದಿಲ್ಲ” ಎಂದರು.

ಇನ್ನೊಂದು ಸಂಗತಿ. ಮದ್ರಾಸಿಗೆ ರೆಡ್ ಹಿಲ್ಸ್ ಕೆರೆಯ ನೀರನ್ನು ತರುವ ಯೋಜನೆ ಪೂರೈಸಿದ್ದು 1872ರಲ್ಲಿ. ಅಲ್ಲಿಯವರೆಗೆ, ಬಹಳ ಮನೆಗಳಲ್ಲಿ ಅದರ ನಂತರವೂ, ಅಡುಗೆಯ ನೀರೆಂದರೆ ಬಾವಿಯಿಂದ ಯಾರೋ ಸೇದಿ ಹೊತ್ತು ತಂದ ನೀರು. ಹಂಸದ ಕೊರಳಿನ ಹಿತ್ತಾಳೆ ನಲ್ಲಿ ಈ ಊರಿನ ಆ ಅಡುಗೆಮನೆಗಳಿಗೆ ಪರಕೀಯ. ಮರೀನಾದ ಎದುರಿಗಿರುವ ಐಸ್ ಹೌಸ್, ಈಗಿನ ವಿವೇಕಾನಂದರ ಇಲ್ಲಂ, 1842ರಲ್ಲಿ ಕಟ್ಟಿದ್ದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಕೂಡಿಡುವುದಕ್ಕೆ. ಸಾವಿರಾರು ಮೈಲಿ ದೂರದ ಕೆರೆಯೊಂದರ ಮಂಜು ದೊರೆಯ ಲೋಟಕ್ಕೆ ಬೀಳುತ್ತಿತ್ತು, ಬಾವಿಯ ನೀರು ಮಾತ್ರ ತಲೆಯ ಮೇಲೆ ಬರುತ್ತಿತ್ತು. 2019ರ ಬೇಸಿಗೆಯಲ್ಲಿ ಮೆಟ್ರೋವಾಟರ್ ಲಾರಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಹೇಳಿ ಇಂಗ್ಲಿಷರನ್ನು ಬೈದು ಮುಗಿಸಿದರೆ ಅಪ್ರಾಮಾಣಿಕತೆಯಾಗುತ್ತದೆ. ನಮ್ಮ ಊರುಗಳ ಅಡುಗೆಮನೆಗಳೇನು ಸಾಧುವಾಗಿದ್ದವೆ? ಮಡಿಯ ಹೆಸರಿನಲ್ಲಿ ಅದು ಮನೆಯ ಅತ್ಯಂತ ಒಳಗಿನ, ಅತ್ಯಂತ ಕತ್ತಲಿನ ಕೋಣೆಯಾಗಿತ್ತು. ಬೆಳಕಿಂಡಿಯೊಂದರಿಂದ ಇಳಿಯುವ ಬಿಸಿಲಿನ ಕೋಲು, ಕೋಡೊಲೆಯ ಹೊಗೆ, ಊದುಕೊಳವೆ ಊದಿ ಊದಿ ಕೆಂಪಾದ ಕಣ್ಣು. ಮುಸುರೆ ಹಿತ್ತಿಲಿಗೆ ಹೋಗುತ್ತಿತ್ತು. ಅದನ್ನು ತಿಕ್ಕುವಾಕೆ ಹಿತ್ತಿಲ ಬಾಗಿಲಿನಿಂದ ಬಂದು ಹಿತ್ತಿಲಿನಿಂದಲೇ ಹೋಗಬೇಕು. ಅವಳು ಬೆಳಗಿಟ್ಟ ಪಾತ್ರೆಯ ಮೇಲೆ ಮತ್ತೊಮ್ಮೆ ನೀರು ಚೆಲ್ಲಿ ಒಳಗೆ ಒಯ್ಯುತ್ತಿದ್ದರು. ಬಾಲ್ಯದಲ್ಲಿ ಅದನ್ನು ಕಂಡಿದ್ದೇವೆ, ಆಗ ಅದು ತಪ್ಪೆಂದು ನಮಗೆ ತೋರಿಯೂ ಇರಲಿಲ್ಲ. ಮಿಸೆಸ್ ಬೀಟನ್ ದೂರವನ್ನು ಕಟ್ಟಡದಿಂದ ಸಾಧಿಸಿದರು, ನಮ್ಮ ಹಿರಿಯರು ನೀರಿನಿಂದ. ವಿನ್ಯಾಸಕಿ ತೋರಿಸಿದ ನಕ್ಷೆಯಲ್ಲಿ ಎರಡೂ ದೂರಗಳು ಸೇರಿ ‘ಯುಟಿಲಿಟಿ’ ಎಂಬ ಹೆಸರು ಪಡೆದಿದ್ದವು.

ಚೆನ್ನೈನ ಫ್ಲ್ಯಾಟುಗಳಲ್ಲಿ ಬಾಳುವವರಿಗೆಲ್ಲ ಈ ಯುಟಿಲಿಟಿ ಗೊತ್ತು. ಅಡುಗೆಮನೆಯ ಹಿಂದೆ ಮೂರಡಿ ಅಗಲದ ಬಾಲ್ಕನಿ. ಬಟ್ಟೆ ಒಗೆಯುವ ಯಂತ್ರ, ಗ್ಯಾಸ್ ಸಿಲಿಂಡರು, ಹಳೆಯ ಪತ್ರಿಕೆ, ಪೊರಕೆ, ಏಸಿಯ ಹೊರಘಟಕ ಇವುಗಳ ನಡುವೆ ನೆಲಮಟ್ಟದಲ್ಲೊಂದು ನಲ್ಲಿ, ಸುತ್ತ ನಾಲ್ಕು ಬೆರಳೆತ್ತರದ ಕಟ್ಟೆ. ಪಾತ್ರೆ ತೊಳೆಯುವಾಕೆ ಅಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾಳೆ. ನಮ್ಮ ನಕ್ಷೆಯಲ್ಲಿಯೂ ಹಾಗೆಯೇ ಇತ್ತು. ಒಳಗಿನ ಪಿಂಗಾಣಿ ಸಿಂಕು ಹಣ್ಣು ತೊಳೆಯಲು, ಕೈ ತೊಳೆಯಲು, ಬಂದವರು ನೋಡಲು. ನಿಜವಾದ ಮುಸುರೆಗೆ ಹೊರಗಿನ ನಲ್ಲಿ. ಕೆಲವರ ಮನೆಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಒಣ ಅಡುಗೆಮನೆ’, ‘ಹಸಿ ಅಡುಗೆಮನೆ’ ಎಂದು ಎರಡಾಗಿದೆ. ಒಣದ್ದು ಕಾಫಿಯಂತ್ರಕ್ಕೆ, ಹಸಿಯದ್ದು ಸಾಂಬಾರಿಗೆ. ಹಸಿಯದ್ದರಲ್ಲಿ ಬೇಯಿಸುವವರು ಯಾರೆಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ನಮ್ಮ ಕಟ್ಟಡ ಹಳೆಯದು; ಲಿಫ್ಟು ಒಂದೇ. ಹೊಸ ಕಟ್ಟಡಗಳಲ್ಲಿ ಕೆಲಸದವರ ಲಿಫ್ಟೂ ಬೇರೆ. ಬೀಟನ್ ಅವರ ಮೂರನೆಯ ನಿಯಮ ನೂರರುವತ್ತು ವರ್ಷಗಳ ನಂತರ ಹೀಗೆ ಜಾರಿಗೆ ಬಂದಿದೆ.

ನಮ್ಮ ಮನೆಗೆ ಬಂದು ಪಾತ್ರೆ ತೊಳೆದುಕೊಡುವಾಕೆಯನ್ನು ನಾವು ಅಕ್ಕ ಎನ್ನುತ್ತೇವೆ. ಈ ಊರಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಾರೆ, ಅದರಿಂದ ನಮಗೇನೂ ವಿಶೇಷ ಪುಣ್ಯ ಬಾರದು. ವಯಸ್ಸು ಐವತ್ತರ ಮೇಲೆ, ಮೊಣಕಾಲು ನೋವು. ನಕ್ಷೆ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ದಿನ ಆಕೆ ನೆಲ ಒರೆಸುತ್ತ ಬಂದು ಇಣುಕಿದರು. ಇದೇನೆಂದು ಕೇಳಿದಾಗ ವಿವರಿಸಿದೆವು. ಇದು ಒಲೆ, ಇದು ಫ್ರಿಜ್ಜು, ಇದು ನೀವು ತೊಳೆಯುವ ಜಾಗ. ಆಕೆ ತಮಿಳಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಿಸುತ್ತೇವೆ: “ಅಮ್ಮಾ, ಅಲ್ಲಿ ಏಸಿ ಗಾಳಿ ಮುಖಕ್ಕೇ ಹೊಡೆಯುತ್ತದೆ. ಮಳೆ ಬಂದರೆ ತೊಳೆದಿಟ್ಟದ್ದರ ಮೇಲೆಲ್ಲ ಕೊಳೆನೀರು. ಇಲ್ಲಿ ಒಳಗೆ ಇಷ್ಟು ದೊಡ್ಡ ಸಿಂಕು ಮಾಡಿಸುತ್ತಿದ್ದೀರಲ್ಲ, ಅದು ಯಾರಿಗೆ?”

ಆಕೆಯ ದನಿಯಲ್ಲಿ ದೂರು ಇರಲಿಲ್ಲ, ಸುಮ್ಮನೆ ಕೇಳಿದ್ದು. ನಾವು ಏನೋ ಗೊಣಗಿದೆವು. ಡಿಕನ್ಸನ ಕಾದಂಬರಿಗಳಲ್ಲಿ ಕೆಲಸದವರ ಪರವಾಗಿ ಕಣ್ಣೀರಿಟ್ಟವರು ನಾವು. ಅವನ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಪಡೆದವರು. ನಕ್ಷೆಗೆ ಒಪ್ಪಿಗೆಯ ಸಹಿ ಹಾಕುವಾಗ ಅದರಲ್ಲಿ ಮುಸುರೆಕೋಣೆ ಇರುವುದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಇಷ್ಟಾದ ಮೇಲೆ ವಿಕ್ಟೋರಿಯನ್ ಶೈಲಿಯೇ ಬೇಡವೆಂದು ನಿಶ್ಚಯಿಸಬೇಕಿತ್ತೆಂದು ನಮ್ಮ ಗೆಳೆಯರೊಬ್ಬರ ವಾದ. ಇನ್ನೊಬ್ಬರು, ಶೈಲಿ ಎಂದರೆ ಶೈಲಿ ಅಷ್ಟೆ, ಕಪಾಟಿನ ಬಣ್ಣಕ್ಕೂ ಸಾಮ್ರಾಜ್ಯಶಾಹಿಗೂ ಗಂಟು ಹಾಕುವುದು ಓದಿದವರ ರೋಗ ಎಂದರು. ಎರಡನೆಯವರ ಮಾತಿನಲ್ಲಿ ಸತ್ಯಾಂಶವಿದೆ. ಕಡುಹಸಿರು ಬಣ್ಣ ಯಾರನ್ನೂ ಶೋಷಿಸುವುದಿಲ್ಲ. ಮನುಷ್ಯ ದಿನಕ್ಕೆ ಮೂರು ಗಂಟೆ ನಿಲ್ಲುವ ಕೋಣೆ ಕಣ್ಣಿಗೆ ತಂಪಾಗಿರಲಿ ಎಂದು ಬಯಸುವುದು ಅಪರಾಧವಲ್ಲ. ಬದಲಿಗೆ, ಅಡುಗೆಮನೆ ಚೆಂದವಾಗಿರಬೇಕಾದ ಕೋಣೆಯೆಂದು ನಾವು ಒಪ್ಪಿಕೊಂಡದ್ದೇ ಬಹಳ ತಡವಾಗಿ. ನಮ್ಮ ಅಭಿಪ್ರಾಯ ಇಬ್ಬರಿಗಿಂತಲೂ ಬೇರೆ. ಹಳೆಯ ಶೈಲಿಯೊಂದನ್ನು ಎರವಲು ತರುವಾಗ ನಾವು ತಪ್ಪಾದ ಭಾಗವನ್ನೇ ತರುತ್ತಿದ್ದೇವೆ. ಕೆತ್ತನೆಯ ಪಟ್ಟಿಯನ್ನು ತರುತ್ತೇವೆ, ಬೆಳಕನ್ನು ತರುವುದಿಲ್ಲ. ತೂಗುವ ತಾಮ್ರವನ್ನು ತರುತ್ತೇವೆ, ನಡುವಿನ ಮೇಜನ್ನು ಬಿಟ್ಟುಬಿಡುತ್ತೇವೆ. ಬಿಡಬೇಕಾಗಿದ್ದ ಮುಸುರೆಕೋಣೆಯನ್ನು ಮಾತ್ರ ಹೆಸರು ಬದಲಿಸಿ ಜೋಪಾನವಾಗಿ ಒಳಗಿಟ್ಟುಕೊಳ್ಳುತ್ತೇವೆ.

ಎರವಲು ತರುವುದನ್ನು ಬಲ್ಲವರು ನಮ್ಮವರಲ್ಲಿ ಇದ್ದರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪನ್ನು ಸುತ್ತಿಬಂದರು. ಅಲ್ಲಿನ ಹೋಟೆಲುಗಳಿಂದ ಅವರು ತಂದದ್ದು ಗೋಡೆಯ ಅಲಂಕಾರವನ್ನಲ್ಲ. ಪಾತ್ರೆ ಲೋಟಗಳನ್ನು ಕುದಿನೀರಿನ ಹಬೆಯಲ್ಲಿ ಶುದ್ಧಿ ಮಾಡುವ ಕ್ರಮವನ್ನು ತಂದರು. ತಿನ್ನಲು ಬಂದವರು ಅಡುಗೆಮನೆಯನ್ನು ಹಾದು, ಅದರ ಶುಚಿಯನ್ನು ಕಣ್ಣಾರೆ ನೋಡಿಕೊಂಡು ಒಳಗೆ ಹೋಗುವ ಪದ್ಧತಿಯನ್ನು ತಂದರು. ಮಿಸೆಸ್ ಬೀಟನ್ ಮುಚ್ಚಿಡಬೇಕೆಂದದ್ದನ್ನು ಮಯ್ಯರು ಹೆಬ್ಬಾಗಿಲಿಗೆ ತಂದು ನಿಲ್ಲಿಸಿದರು. ಇದೇ ಮದ್ರಾಸಿನಲ್ಲಿ ಉಡುಪಿ ಕಡೆಯ ಕೆ. ಕೃಷ್ಣರಾಯರು ಅಡುಗೆಕೋಣೆಯ ಕೆಲಸದ ಹುಡುಗನಾಗಿ ಜೀವನ ಆರಂಭಿಸಿ, 1930ರ ದಶಕದ ಕೊನೆಯಲ್ಲಿ ರಾಯಪೇಟೆಯ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ಹೋಟೆಲು ತೆರೆದರು. ಬಂಗಲೆಯ ಇಂಗ್ಲಿಷ್ ಹೆಸರು ಹಾಗೆಯೇ ಉಳಿಯಿತು, ಒಳಗೆ ಬೆಂದದ್ದು ಇಡ್ಲಿ ಸಾಂಬಾರು. ಆ ಹೆಸರು ಇಂದಿಗೂ ಉಡುಪಿಯ ಊಟವನ್ನೇ ನೆನಪಿಸುತ್ತದೆ ಹೊರತು ಇಂಗ್ಲೆಂಡಿನ ಕಾಡನ್ನಲ್ಲ. ಕ್ಯಾಥೆಡ್ರಲ್ ರಸ್ತೆಯ ಡ್ರೈವ್-ಇನ್ 2008ರಲ್ಲಿ ಮುಚ್ಚಿದಾಗ ಈ ಊರಿನ ಕನ್ನಡಿಗರಿಗಿಂತ ತಮಿಳರೇ ಹೆಚ್ಚು ಮರುಗಿದರು.

ಹಾಗಾದರೆ ವಿಕ್ಟೋರಿಯನ್ನರಿಂದ ತರತಕ್ಕದ್ದು ಯಾವುದು? ಮೊದಲಿಗೆ ಬಿಡಿ ಬಿಡಿಯಾಗಿ ನಿಲ್ಲುವ ಸಾಮಾನು. ಸಮುದ್ರದ ಬಳಿ ಗೋಡೆಗೆ ಅಂಟಿಸಿದ ಪ್ಲೈವುಡ್ ಕಪಾಟಿನ ಹಿಂದೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಜಿರಳೆಗಳ ಸಂಸಾರ ಬೆಳೆಯುತ್ತದೆ. ಕಾಲುಗಳ ಮೇಲೆ ನಿಂತ ತೇಗದ ಕಪಾಟನ್ನು ಎಳೆದು ಹಿಂದೆ ಗುಡಿಸಬಹುದು, ಮನೆ ಬದಲಿಸಿದರೆ ಒಯ್ಯಬಹುದು. ಎರಡನೆಯದು ನಡುವಿನ ಮೇಜು. ಎದುರುಬದಿರು ಕೂತು ಹುರುಳಿಕಾಯಿ ನಾರು ತೆಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಮೃತಶಿಲೆಯ ‘ಐಲ್ಯಾಂಡ್’ ಮುಂದೆ ಕಾಲು ಚಾಚಲೂ ಆಗುವುದಿಲ್ಲ, ಹುಣಿಸೆರಸ ಬಿದ್ದರೆ ಕಲೆ ನಿಲ್ಲುತ್ತದೆ. ಮೂರನೆಯದು ತಂಪು ಉಗ್ರಾಣ. ಅದರ ಬಡತಂಗಿಯೊಬ್ಬಳು ನಮ್ಮ ಮನೆಗಳಲ್ಲಿಯೂ ಇದ್ದಳು: ಜಾಲರಿ ಬಾಗಿಲಿನ ಬೀರು, ಇರುವೆ ಏರದಂತೆ ಅದರ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲುಗಳು. ಹಾಲು, ಮೊಸರು, ಮಿಕ್ಕ ಹುಳಿ ಅದರೊಳಗೆ. ಅಂಥದೊಂದನ್ನು ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಂಡು ಕೊಂಡುತಂದಿದ್ದೇವೆ. ನೆಲಕ್ಕೆ ಆಮದು ಟೈಲಿನ ಬದಲು ಆತ್ತಂಗುಡಿಯ ಟೈಲು. ಚೆಟ್ಟಿನಾಡಿನ ಆ ಹಳ್ಳಿಯಲ್ಲಿ ಗಾಜಿನ ತಟ್ಟೆಯ ಮೇಲೆ ಬಣ್ಣ ಸುರಿದು, ಅದರ ಮೇಲೆ ಸಿಮೆಂಟು ಮರಳು ತುಂಬಿ, ಒಂದೊಂದನ್ನೂ ಕೈಯಿಂದ ಮಾಡುತ್ತಾರೆ. ಎರಡು ಟೈಲುಗಳು ಒಂದೇ ಥರ ಇರುವುದಿಲ್ಲವೆಂದು ವಿನ್ಯಾಸಕಿ ಮೊದಲೇ ಎಚ್ಚರಿಸಿದರು. ಎಣ್ಣೆ ಬಿದ್ದರೆ ಕುಡಿಯುತ್ತದೆಯೆಂದು ಟೈಲಿನ ಮೇಸ್ತ್ರಿಯೇ ಎಚ್ಚರಿಸಿದ. ಒಲೆಯ ಮುಂದಿನ ಎರಡು ಸಾಲಿಗೆ ಆದ್ದರಿಂದ ಕಡಪ ಕಲ್ಲೇ ಇರಲಿ ಎಂದಿದ್ದೇವೆ.

ಬಿಟ್ಟದ್ದು ಇನ್ನೂ ಹೆಚ್ಚು. ಕೆತ್ತನೆಯ ಪಟ್ಟಿಗಳನ್ನು ಬಿಟ್ಟೆವು. ದಿನವೂ ಸಾಸಿವೆ ಸಿಡಿಯುವ ಮನೆಯಲ್ಲಿ ಆ ಸಂದುಗಳಲ್ಲಿ ಕೂರುವ ಜಿಡ್ಡನ್ನು ತೆಗೆಯಲು ಹ್ಯಾನಾ ಕಲ್ವಿಕ್ಕಳೇ ಬರಬೇಕು. ತೂಗುವ ತಾಮ್ರವನ್ನು ಬಿಟ್ಟೆವು, ಉಪ್ಪುಗಾಳಿಗೆ ಅದು ತಿಂಗಳೊಳಗೆ ಕಪ್ಪಾಗುತ್ತದೆ. ಬಾಗಿದ ಹಿತ್ತಾಳೆ ನಲ್ಲಿಯನ್ನು ಮಾತ್ರ ಉಳಿಸಿಕೊಂಡೆವು, ಮೋಹಕ್ಕೂ ಒಂದು ಪಾಲು ಇರಲಿ ಎಂದು. ಕಡುಹಸಿರನ್ನು ಕೆಳಗಿನ ಕಪಾಟುಗಳಿಗೆ ಸೀಮಿತಗೊಳಿಸಿ ಮೇಲೆ ಸುಣ್ಣದ ಬಿಳುಪು ಹಚ್ಚಿಸುತ್ತಿದ್ದೇವೆ. ವೆಟ್ ಗ್ರೈಂಡರಿಗೆ ಯಾವ ಶೈಲಿಯಲ್ಲಿಯೂ ಜಾಗವಿಲ್ಲವೆಂದು ವಿನ್ಯಾಸಕಿ ಬಹಳ ನೊಂದುಕೊಂಡಿದ್ದಾರೆ. ಅದು ಮೇಜಿನ ಕೆಳಗೆ ನಿಲ್ಲಲಿದೆ.

ಮುಖ್ಯವಾದ ಬದಲಾವಣೆ ಸಿಂಕಿನದು. ನೆಲಮಟ್ಟದ ನಲ್ಲಿಯನ್ನು ನಕ್ಷೆಯಿಂದ ತೆಗೆಸಿದೆವು. ಪಿಂಗಾಣಿ ಸಿಂಕನ್ನು ಕಿಟಕಿಯ ಕೆಳಗೆ, ಕೋಣೆಯಲ್ಲಿಯೇ ಅತಿ ಹೆಚ್ಚು ಬೆಳಕು ಬೀಳುವಲ್ಲಿ ಇಡಿಸುತ್ತಿದ್ದೇವೆ. ಇಡೀ ಮುಸುರೆ ಅಲ್ಲಿಯೇ. ಅದರ ಕೆಳಗೆ ಕಪಾಟಿಲ್ಲ. ಬೇಕಾದರೆ ಎತ್ತರದ ಸ್ಟೂಲು ಹಾಕಿಕೊಂಡು ಮೊಣಕಾಲು ಒಳಗೆ ಸೇರಿಸಿ ಕೂರಬಹುದು. ಇದನ್ನು ಕೇಳಿ ನೆರೆಯವರೊಬ್ಬರು, “ಎಲ್ಲರಿಗೂ ಎದುರಿಗೇ ಕಾಣುತ್ತದಲ್ಲ?” ಎಂದು ಆತಂಕಪಟ್ಟರು. ಕಾಣುತ್ತದೆ. ಭಾನುವಾರ ಅಕ್ಕ ಬರದ ದಿನ ಅಲ್ಲಿ ನಿಲ್ಲುವವರು ನಾವೇ ಆದ್ದರಿಂದ ನಾವೂ ಕಾಣುತ್ತೇವೆ. ಇದರಿಂದ ಆಕೆಯ ಬದುಕು ಬದಲಾಗಿಬಿಡುತ್ತದೆಂಬ ಭ್ರಮೆ ನಮಗಿಲ್ಲ. ಸಂಬಳ, ರಜೆ, ಕಾಯಿಲೆಯ ಖರ್ಚು ಇವೆಲ್ಲ ಸಿಂಕಿನ ಎತ್ತರಕ್ಕಿಂತ ದೊಡ್ಡ ಮಾತುಗಳು, ಅವನ್ನು ಟೈಲಿನಿಂದ ಮುಚ್ಚಲಾಗದು. ಫ್ರಾಂಕ್‌ಫರ್ಟಿನ ಆ ವಾಸ್ತುಶಿಲ್ಪಿ ತಾನು ಸ್ವತಃ ಅಡುಗೆ ಮಾಡಿದವಳಲ್ಲವೆಂದು ಮುಂದೆ ಒಪ್ಪಿಕೊಂಡಳು. ಆದರೂ ನಿಲ್ಲುವವಳ ಹೆಜ್ಜೆಯನ್ನು ಎಣಿಸುವ ತಾಳ್ಮೆ ಅವಳಿಗಿತ್ತು.

ಆಳದ ಸಿಂಕಿನ ತೊಂದರೆಯೊಂದು ಉಂಟು. ಹತ್ತಂಗುಲ ಆಳವೆಂದರೆ ತಳದಲ್ಲಿರುವ ಕುಕ್ಕರನ್ನು ತಿಕ್ಕಲು ಬೆನ್ನು ಬಾಗಿಸಲೇಬೇಕು. ಕಟ್ಟೆಯ ಎತ್ತರಕ್ಕಿಂತ ಸಿಂಕಿನ ಅಂಚು ಎತ್ತರವಿರಬೇಕಾಗುತ್ತದೆ, ವಿನ್ಯಾಸದ ಪುಸ್ತಕಗಳು ಎಲ್ಲವನ್ನೂ ಒಂದೇ ಸಮ ಮಾಡುತ್ತವೆ. ಕಳೆದ ಶನಿವಾರ ಬಡಗಿ ಬಂದು, ಅಲ್ಲಿ ನಿಲ್ಲುವವರೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೈ ಮಡಿಸಿ ನಿಲ್ಲಿರಿ ಎಂದ. ಮನೆಯವರು ನಿಂತೆವು. ಎಪ್ಪತ್ತೆಂಟರ ಅಮ್ಮ ಬೇಡವೆನ್ನುತ್ತಲೇ ಬಂದು ನಿಂತರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ನಗುತ್ತ, ಕೊನೆಗೆ ನಿಂತರು. ಪ್ರತಿಯೊಬ್ಬರ ಮೊಣಕೈಯ ಮಟ್ಟಕ್ಕೂ ಅವನು ಪೆನ್ಸಿಲಿನ ಗೆರೆ ಎಳೆದ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಐದೂವರೆ ಅಂಗುಲದ ಅಂತರ. ಯಾವ ಗೆರೆಯನ್ನು ಹಿಡಿಯಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸಿಂಕು ಅಟ್ಟೆಪೆಟ್ಟಿಗೆಯೊಳಗೆ ಮೊಗಸಾಲೆಯಲ್ಲಿ ಕೂತಿದೆ.